ಪೆಟ್ರೋಲ್ ಲೆಕ್ಕದಲ್ಲಿ ಮೂರನೆಯವರು

ನಮ್ಮ ಮನೆಯಲ್ಲಿ ಕಾರು ಒಂದು, ಓಡಿಸುವವರು ಇಬ್ಬರು: ನಾನು ಮತ್ತು ನನ್ನ ತಮ್ಮ. ಕತ್ರಿಗುಪ್ಪೆಯ ಮನೆಯಲ್ಲಿ ಕೆಳಗಡೆ ನಾವು, ಮಹಡಿಯಲ್ಲಿ ಅವರು. ಅವನ ಕಾರ್ಖಾನೆ ಪೀಣ್ಯದಲ್ಲಿ, ನನ್ನ ಕಚೇರಿ ಅಲ್ಲಿಂದ ಕೂಗಳತೆಯಲ್ಲಿ. ಆದರೆ ಅವನ ಶಿಫ್ಟಿಗೂ ನನ್ನ ಹೊತ್ತಿಗೂ ತಾಳೆಯಾಗುವುದಿಲ್ಲ. ಹಾಗಾಗಿ ಒಂದು ವಾರ ಕಾರು ನನ್ನದು, ಮರುವಾರ ಅವನದು. ಕಾರಿಲ್ಲದವರು ಬನಶಂಕರಿಯಲ್ಲಿ ಮೆಟ್ರೋ ಹತ್ತುವುದು. (ಮನೆಯ ಹತ್ತಿರವೂ ಕೆಲಸದ ಹತ್ತಿರವೂ ಮೆಟ್ರೋ ಇರುವಾಗ ಕಾರು ಯಾಕೆ ಎಂದು ಅಮ್ಮ ಆಗಾಗ ಕೇಳುತ್ತಾರೆ. ಆ ಹೊತ್ತಿಗೆ ಅಣ್ಣ ತಮ್ಮ ಇಬ್ಬರಿಗೂ ಬೇರೇನೋ ಕೆಲಸ ನೆನಪಾಗುತ್ತದೆ.)

ಪೆಟ್ರೋಲಿನ ಖರ್ಚನ್ನು ಓಡಿದ ಕಿಲೋಮೀಟರಿಗೆ ತಕ್ಕಂತೆ ಹಂಚಿಕೊಳ್ಳುವುದು ಎಂದು ಮೊದಲೇ ಮಾತಾಗಿತ್ತು. ಇದಕ್ಕಿಂತ ನ್ಯಾಯವಾದ ಹಂಚಿಕೆ ಇನ್ನೊಂದಿರಲಾರದು ಎಂದೇ ಮನೆಯವರೆಲ್ಲರ ಎಣಿಕೆ. ಅದಕ್ಕೆ ಕಲ್ಲು ಹಾಕಿದವಳು ತಮ್ಮನ ಹೆಂಡತಿ. ಅವಳದು ಲೆಕ್ಕಪತ್ರದ ಕೆಲಸ. ಬಂಕಿನ ರಸೀದಿಗಳನ್ನು ಸುಮ್ಮನೆ ಬಿಸಾಡುವ ಜಾಯಮಾನದವಳಲ್ಲ. ಪ್ರತಿ ಬಾರಿ ಟ್ಯಾಂಕ್ ತುಂಬಿಸಿದಾಗಿನ ಕಿಲೋಮೀಟರನ್ನು ಬರೆದಿಟ್ಟು, ಒಂದು ದಿನ ರಾತ್ರಿ ಊಟ ಮುಗಿದ ಮೇಲೆ, "ಭಾವ, ನಿಮ್ಮ ವಾರ ಗಾಡಿ ಲೀಟರಿಗೆ ಹದಿನಾಲ್ಕು ಕೊಡುತ್ತಿದೆ. ಇವರ ವಾರ ಹನ್ನೊಂದು ದಾಟುತ್ತಿಲ್ಲ. ಅಂದರೆ ಇವರ ಪೆಟ್ರೋಲಿಗೆ ನೀವು ದುಡ್ಡು ಕೊಡುತ್ತಿದ್ದೀರಿ" ಎಂದಳು. ಸ್ವಂತ ಗಂಡನ ವಿರುದ್ಧ ಇಷ್ಟು ನಿರ್ವಿಕಾರವಾಗಿ ಸಾಕ್ಷಿ ನುಡಿದವರನ್ನು ನಾನು ಬೇರೆ ಕಂಡಿಲ್ಲ.

ತಮ್ಮ ಒಪ್ಪಲಿಲ್ಲ. ಅವನ ವಾದದಲ್ಲಿ ತಿರುಳಿಲ್ಲ ಎನ್ನುವಂತಿರಲಿಲ್ಲ. ಕಾರು ಅದೇ, ರಸ್ತೆ ಅದೇ. ಅದೂ ಅವನು ಹೊರಡುವುದು ಬೆಳಗಿನ ಜಾವ, ಹೊರವರ್ತುಲ ರಸ್ತೆ ಇನ್ನೂ ಕಣ್ಣುಜ್ಜಿಕೊಳ್ಳುವ ಹೊತ್ತಿನಲ್ಲಿ. ನನಗೆ ಸಿಗುವುದು ಒಂಬತ್ತು ಗಂಟೆಯ ನೂಕುನುಗ್ಗಲು. ಹಾಗೆ ನೋಡಿದರೆ ಮೈಲೇಜ್ ಅವನಿಗೇ ಹೆಚ್ಚು ಬರಬೇಕು. ಬಂಕಿನಲ್ಲಿ ಅಳತೆ ಸರಿಯಿಲ್ಲ ಎಂದ, ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಿದ್ದಾರೆ ಎಂದ, ಟಯರ್ ಸವೆದಿದೆ ಎಂದ. ಇವೆಲ್ಲ ನಿಜವೇ ಆಗಿದ್ದರೂ ಅವನ ವಾರಕ್ಕೆಷ್ಟೋ ನನ್ನ ವಾರಕ್ಕೂ ಅಷ್ಟೇ. ಒಂದೇ ಗಾಡಿಯಲ್ಲಿ, ಒಂದೇ ದಾರಿಯಲ್ಲಿ, ಲೀಟರಿಗೆ ಮೂರು ಕಿಲೋಮೀಟರ್ ಎಲ್ಲಿ ಸೋರಿಹೋಗುತ್ತದೆ ಎಂಬ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿದುಕೊಂಡಿತು.

ಒಂದು ಬ್ರೇಕಿನ ಬೆಲೆ

ಆಕ್ಸಿಲರೇಟರ್ ಒತ್ತಿದರೆ ಪೆಟ್ರೋಲ್ ಖರ್ಚಾಗುತ್ತದೆ, ಬ್ರೇಕ್ ಒತ್ತಿದರೆ ಆಗುವುದಿಲ್ಲ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಎಂಜಿನ್ನಿನ ಮಟ್ಟಿಗೆ ಅದು ಸರಿ. ಜೇಬಿನ ಮಟ್ಟಿಗೆ ತಿರುಗುಮುರುಗು. ಆಕ್ಸಿಲರೇಟರ್ ಒತ್ತಿ ಗಳಿಸಿದ ವೇಗ ಎಲ್ಲೂ ಹೋಗುವುದಿಲ್ಲ, ಗಾಡಿಯಲ್ಲೇ ಇರುತ್ತದೆ. ಅದನ್ನು ಕಳೆಯುವುದು ಬ್ರೇಕ್. ಡಿಸ್ಕು ಬಿಸಿಯಾಗುತ್ತದೆ, ಆ ಬಿಸಿ ಗಾಳಿಗೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು.

ಎಷ್ಟು ಕಳೆಯುತ್ತದೆ ಎಂದು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ಲೆಕ್ಕ ಹಾಕಬಹುದು. ಇಬ್ಬರು ಕುಳಿತ ಸಣ್ಣ ಕಾರಿನ ತೂಕ ಸುಮಾರು 1000 ಕಿಲೋ. ಅದು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಅದರಲ್ಲಿರುವ ಚಲನಶಕ್ತಿ 96 ಕಿಲೋಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ 32 ಮೆಗಾಜೂಲಿನಷ್ಟು ಶಕ್ತಿ ಇದ್ದರೂ ಎಂಜಿನ್ ಅದರ ಬಹುಭಾಗವನ್ನು ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಶಾಖವಾಗಿ ಹೊರಹಾಕಿ, ಹೆಚ್ಚೆಂದರೆ ಕಾಲು ಭಾಗವನ್ನು ಚಕ್ರಕ್ಕೆ ತಲುಪಿಸುತ್ತದೆ. ಅಂದರೆ 50ರ ವೇಗದಿಂದ ಒಮ್ಮೆ ಪೂರ್ತಿ ನಿಂತು, ಮತ್ತೆ ಅದೇ ವೇಗಕ್ಕೆ ಬರಲು 12 ಮಿಲಿಲೀಟರ್ ಪೆಟ್ರೋಲ್ ಬೇಕು. ಬೆಂಗಳೂರಿನಲ್ಲಿ ಪೆಟ್ರೋಲ್ ನೂರು ರೂಪಾಯಿ ದಾಟಿದ್ದು 2021ರ ಜೂನ್‌ನಲ್ಲಿ. ಲೆಕ್ಕಕ್ಕೆ ಸುಲಭವಾಗಲಿ ಎಂದು ನೂರೇ ಹಿಡಿಯೋಣ. ಒಂದು ಬ್ರೇಕಿಗೆ ಒಂದು ರೂಪಾಯಿ ಇಪ್ಪತ್ತು ಪೈಸೆ. ಅದೇ 30ರ ವೇಗದಿಂದ ನಿಂತರೆ ನಲವತ್ತಮೂರು ಪೈಸೆ. ವೇಗ ಒಂದೂವರೆ ಪಟ್ಟು ಹೆಚ್ಚಿದರೆ ಶಕ್ತಿ ಎರಡೂಕಾಲು ಪಟ್ಟು ಹೆಚ್ಚುತ್ತದೆ, ಏಕೆಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ವೇಗದ ವರ್ಗ.

ಇಲ್ಲಿಂದ ಮುಂದೆ ನಮ್ಮ ಊರಿನ ಸಂಗತಿ. 2022ರ ಟಾಮ್‌ಟಾಮ್ ಸಂಚಾರ ಸೂಚ್ಯಂಕದಲ್ಲಿ ಬೆಂಗಳೂರಿನ ಕೇಂದ್ರಭಾಗದಲ್ಲಿ ಹತ್ತು ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡ್ ಬೇಕಾಗಿತ್ತು. ಜಗತ್ತಿನಲ್ಲಿ ಲಂಡನ್ ಬಿಟ್ಟರೆ ನಾವೇ. ಅಂದರೆ ಗಂಟೆಗೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಯಾರಾದರೂ ಇಪ್ಪತ್ತರ ವೇಗದಲ್ಲೇ ಒಂದೇ ಸಮನೆ ಹೋಗುವುದನ್ನು ನೀವು ನೋಡಿದ್ದೀರಾ? ಇಲ್ಲ. ಐವತ್ತಕ್ಕೆ ಹಾರಿ, ಸೊನ್ನೆಗೆ ಬಿದ್ದು, ಮತ್ತೆ ನಲವತ್ತಕ್ಕೆ ಏರಿ, ಮತ್ತೆ ಬಿದ್ದು, ಒಟ್ಟಾರೆ ಇಪ್ಪತ್ತನ್ನು ಸಾಧಿಸುತ್ತೇವೆ. ನಗರದಲ್ಲಿ ಗಾಳಿಯ ತಡೆಗೆ ಹೋಗುವ ಪೆಟ್ರೋಲ್ ಅಲ್ಪ. ಮೈಸೂರಿನ ಹೆದ್ದಾರಿಯಲ್ಲಾದರೆ ಅದೇ ದೊಡ್ಡ ಖರ್ಚು. ಅಲ್ಲಿ 80ರಿಂದ 120ಕ್ಕೆ ಹೋದರೆ ಗಾಳಿಯ ತಡೆಯೂ ಎರಡೂಕಾಲು ಪಟ್ಟಾಗುತ್ತದೆ, ಜೊತೆಗೆ ಕ್ಯಾಮೆರಾದ ದಂಡವೂ ಬರುತ್ತದೆ. ಇಲ್ಲಿ ರಿಂಗ್ ರಸ್ತೆಯಲ್ಲಿ ನಮ್ಮ ದುಡ್ಡು ಉರಿಯುವುದು ಬ್ರೇಕಿನಲ್ಲಿ, ಮತ್ತು ನಿಂತಲ್ಲೇ ಗುರುಗುಟ್ಟುವ ಎಂಜಿನ್ನಿನಲ್ಲಿ.

ತಮ್ಮನ ಬೆಳಗಿನ ಖಾಲಿ ರಸ್ತೆಯ ಒಗಟನ್ನು ಇದು ಅರ್ಧ ಬಿಡಿಸಿತು. ರಸ್ತೆ ಖಾಲಿ ಇದ್ದರೆ ಅವನು ಎಪ್ಪತ್ತಕ್ಕೆ ಹೋಗುತ್ತಾನೆ. ಆದರೆ ಸಿಗ್ನಲ್ಲುಗಳು ಖಾಲಿಯಾಗುವುದಿಲ್ಲವಲ್ಲ. ನನಗಿಂತ ಕಡಿಮೆ ಸಲ ನಿಂತರೂ, ನಿಂತಾಗೆಲ್ಲ ಎಪ್ಪತ್ತರಿಂದ ನಿಲ್ಲುತ್ತಾನೆ.

ಮಾವ ಚಪ್ಪಲಿ ಬಿಟ್ಟು ಕುಳಿತದ್ದು

ಉಳಿದರ್ಧ ನನಗೆ ತಿಳಿದದ್ದು ನಮ್ಮ ಸೋದರಮಾವನಿಂದ. ಮಾವ ಸರ್ಕಾರಿ ಬಸ್ಸಿನ ಚಾಲಕರಾಗಿ ನಿವೃತ್ತರಾದವರು. ಜೀವನದ ಬಹುಪಾಲು ಹಾಸನದ ಕಡೆಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಹಾಸನಕ್ಕೆ. ನೆಲಮಂಗಲದಲ್ಲಿ ನೆಂಟರ ಗೃಹಪ್ರವೇಶಕ್ಕೆ ಎಲ್ಲರೂ ಹೋಗಿದ್ದೆವು. ಹೋಗುವಾಗ ತಮ್ಮ ಓಡಿಸಿದ. ಮಾವ ಪಕ್ಕದ ಸೀಟಿನಲ್ಲಿ ಕುಳಿತು, ಒಂದು ಮಾತೂ ಆಡದೆ, ಬಲಗಾಲನ್ನು ಆಗಾಗ ನೆಲಕ್ಕೆ ಒತ್ತುತ್ತಿದ್ದರು. ಅವರ ಕಾಲಡಿಯಲ್ಲಿ ಬ್ರೇಕ್ ಇರಲಿಲ್ಲ, ಅಷ್ಟೇ. ಬರುವಾಗ "ಕೊಡಪ್ಪ, ಊಟ ಮಾಡಿ ನಿನಗೆ ನಿದ್ದೆ ಬಂದಿರುತ್ತದೆ" ಎಂದು ಕೀಲಿ ಇಸಿದುಕೊಂಡರು.

ಚಪ್ಪಲಿ ಬಿಚ್ಚಿ ಸೀಟಿನ ಪಕ್ಕಕ್ಕೆ ಸರಿಸಿದರು. ಬರಿಗಾಲನ್ನು ಆಕ್ಸಿಲರೇಟರ್ ಮೇಲಿಟ್ಟು, ಹೆಬ್ಬೆರಳಿನಿಂದ ಅದರ ಅಂಚನ್ನು ಒಮ್ಮೆ ಸವರಿದರು. ನಾನು ಹಿಂದಿನ ಸೀಟಿನ ಎಡಗಡೆ ಕುಳಿತಿದ್ದರಿಂದ ಆ ಕಾಲು ನನಗೆ ಚೆನ್ನಾಗಿ ಕಾಣುತ್ತಿತ್ತು. ಜಾಲಹಳ್ಳಿ ಕ್ರಾಸ್ ದಾಟುವವರೆಗೂ ನಾನು ರಸ್ತೆಗಿಂತ ಹೆಚ್ಚಾಗಿ ನೋಡಿದ್ದು ಅದನ್ನೇ. ಅದು ಒತ್ತುತ್ತಿದ್ದುದು ಕಡಿಮೆ, ಎತ್ತುತ್ತಿದ್ದುದು ಹೆಚ್ಚು. ದೂರದಲ್ಲಿ ಬಸ್ಸೊಂದು ನಿಲ್ದಾಣದ ಕಡೆಗೆ ವಾಲಿದರೆ ಸಾಕು, ಮಾವನ ಹಿಮ್ಮಡಿ ನೆಲಕ್ಕೂರಿ ಬೆರಳು ಮೇಲೇಳುತ್ತಿತ್ತು. ನಾವು ಬಸ್ಸಿನ ಹತ್ತಿರ ಬರುವಷ್ಟರಲ್ಲಿ ಅದು ಜನರನ್ನು ಇಳಿಸಿ ಹೊರಟಿರುತ್ತಿತ್ತು. ಬ್ರೇಕಿಗೆ ಕಾಲು ಹೋಗುತ್ತಲೇ ಇರಲಿಲ್ಲ ಎಂದೇನಲ್ಲ. ಹೋದಾಗ, ಅಷ್ಟು ಹೊತ್ತಿಗೆ ಗಾಡಿಯಲ್ಲಿ ಕಳೆಯುವಂಥ ವೇಗವೇ ಉಳಿದಿರುತ್ತಿರಲಿಲ್ಲ.

"ಡಿಪೋದಲ್ಲಿ ನಮಗೆಲ್ಲ ಕೆಎಂಪಿಎಲ್ ಅಂತ ಒಂದಿತ್ತು" ಎಂದು ಶುರುಮಾಡಿದರು. ಲೀಟರ್ ಡೀಸೆಲ್ಲಿಗೆ ಎಷ್ಟು ಕಿಲೋಮೀಟರ್ ತಂದೆ ಎಂಬ ಲೆಕ್ಕ. ದೊಡ್ಡ ಬಸ್ಸುಗಳದು ಐದರ ಆಸುಪಾಸು. ಅದರಲ್ಲಿ ದಶಮಾಂಶ ಬಿಂದುವಿನ ಆಚೆಗಿನ ಅಂಕಿಗೂ ಬೆಲೆ. ಯಾವ ಚಾಲಕ ಎಷ್ಟು ತಂದ ಎಂದು ಬರೆದು ಹಾಕುತ್ತಿದ್ದರಂತೆ. ಕಡಿಮೆ ಬಂದವನನ್ನು ಕರೆದು ಪಕ್ಕದಲ್ಲಿ ಒಬ್ಬ ತರಬೇತುದಾರನನ್ನು ಕೂರಿಸಿ ಕಳುಹಿಸುತ್ತಿದ್ದರಂತೆ. ಅಂಥ ತರಬೇತುದಾರರೊಬ್ಬರು ಮಾವನಿಗೆ ಹೇಳಿಕೊಟ್ಟದ್ದು ಒಂದೇ ಮಾತು: ಮುಂದಿನ ಗಾಡಿಯನ್ನು ನೋಡಬೇಡ, ಅದರ ಮುಂದಿನದನ್ನು ನೋಡು. "ಗಕ್ಕನೆ ಬ್ರೇಕ್ ಹಾಕಬೇಕಾಗಿ ಬಂತು ಅಂದರೆ, ಹತ್ತು ಸೆಕೆಂಡ್ ಹಿಂದೆ ಏನನ್ನೋ ನೋಡದೆ ಬಿಟ್ಟಿದ್ದೀಯ ಅಂತ ಅರ್ಥ" ಎಂದರು ಮಾವ, ಯಾರ ಮುಖವನ್ನೂ ನೋಡದೆ. ತಮ್ಮ ಕಿಟಕಿಯ ಹೊರಗೆ ನೋಡಿದ.

ಗೊರಗುಂಟೆಪಾಳ್ಯದಲ್ಲಿ ಎಡಕ್ಕೆ ತಿರುಗಬೇಕಿದ್ದವರು, ಬಲಕ್ಕೆ ತಿರುಗಬೇಕಿದ್ದವರು, ಎಲ್ಲಿಗೂ ತಿರುಗದೆ ಸುಮ್ಮನೆ ನಿಂತವರು ಎಲ್ಲರೂ ಒಂದೇ ಕಡೆ ಸೇರಿದ್ದರು. ಅಲ್ಲಿ ತಮ್ಮನಿಗೆ ತಡೆಯಲಾಗಲಿಲ್ಲ. ಮಾವ ಮುಂದಿನ ಲಾರಿಗೂ ನಮಗೂ ನಡುವೆ ಒಂದು ಕಾರು ಹಿಡಿಸುವಷ್ಟು ಜಾಗ ಬಿಟ್ಟು, ಮೊದಲ ಗೇರಿನಲ್ಲಿ ನಿಲ್ಲದೆ ಉರುಳುತ್ತಿದ್ದರು. ಆ ಜಾಗಕ್ಕೆ ಒಂದು ಆಟೋ ನುಗ್ಗಿತು. ಆಮೇಲೆ ಒಂದು ಸ್ಕೂಟರ್, ಆಮೇಲೆ ಆಹಾರ ತಲುಪಿಸುವ ಹುಡುಗನ ಬೈಕು. "ಮಾವ, ಹೀಗೆ ಜಾಗ ಬಿಟ್ಟರೆ ಊರೆಲ್ಲ ನಮ್ಮ ಮುಂದೆ ಹೋಗುತ್ತದೆ" ಎಂದ ತಮ್ಮ. "ಹೋಗಲಿ ಬಿಡಪ್ಪ, ಅವರೂ ಮನೆ ಸೇರಬೇಕಲ್ಲ" ಎಂದರು ಮಾವ.

ಖಾಲಿ ಜಾಗದ ಭಯ

ಬೆಂಗಳೂರಿನವನಿಗೆ ಮುಂದಿನ ಗಾಡಿಗೂ ತನಗೂ ನಡುವಿನ ಅಂತರ ಬೇಲಿ ಹಾಕದ ನಿವೇಶನದ ಹಾಗೆ ಕಾಣುತ್ತದೆ: ಬಿಟ್ಟರೆ ಯಾರೋ ಒಬ್ಬರು ಬಂದು ಕೂರುತ್ತಾರೆ. ಹಾಗಾಗಿ ಬಂಪರಿಗೆ ಬಂಪರ್ ತಾಗಿಸಿ ಅದನ್ನು ಕಾಯುತ್ತಾನೆ. ಮೈಲೇಜ್ ಕುರಿತ ಬುದ್ಧಿವಾದಗಳೆಲ್ಲ ಈ ಭಯವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ನನ್ನ ತಕರಾರು. 'ಮೃದುವಾಗಿ ಓಡಿಸಿ, ಅಂತರ ಕಾಯ್ದುಕೊಳ್ಳಿ, 45ರಿಂದ 55ರ ವೇಗದಲ್ಲಿ ಸಾಗಿ' ಎಂದು ಪೆಟ್ರೋಲ್ ಉಳಿತಾಯದ ಭಿತ್ತಿಪತ್ರಗಳು ದಶಕಗಳಿಂದ ಹೇಳುತ್ತಿವೆ. ಸಂಜೆ ಆರಕ್ಕೆ ಸಿಲ್ಕ್ ಬೋರ್ಡಿನಲ್ಲಿ 45ರ ವೇಗದಲ್ಲಿ ಸಾಗುವ ದಾರಿಯನ್ನೂ ಆ ಭಿತ್ತಿಪತ್ರದಲ್ಲಿ ಬರೆದಿದ್ದರೆ ಚೆನ್ನಾಗಿತ್ತು. ಅಂತರವನ್ನು ತುಂಬಿಸುವವನು ದಡ್ಡನಲ್ಲ. ಬಿಟ್ಟದ್ದು ಹೋಗುತ್ತದೆ ಎಂದು ಈ ಊರು ಅವನಿಗೆ ನಿತ್ಯವೂ ಪಾಠ ಹೇಳಿದೆ, ಅವನು ಕಲಿತಿದ್ದಾನೆ.

ಮಾವ ಓಡಿಸಿದ ಆ ಸಂಜೆ ನಮ್ಮನ್ನು ಹಿಂದೆ ಹಾಕಿ ಹೋದವರೆಲ್ಲ ಮುಂದಿನ ಸಿಗ್ನಲ್ಲಿನಲ್ಲಿ ಸಿಕ್ಕಿದರು ಎಂದು ಬರೆದರೆ ಓದಲು ಸೊಗಸಾಗಿರುತ್ತದೆ. ಎಲ್ಲರೂ ಸಿಗಲಿಲ್ಲ. ಆಟೋ ಸಿಕ್ಕಿತು. ಬೈಕಿನ ಹುಡುಗ ಮತ್ತೆ ಕಾಣಲೇ ಇಲ್ಲ. ಸುಮನಹಳ್ಳಿಯ ಹೊತ್ತಿಗೆ ಅವನು ಯಾರದೋ ಮನೆಯ ಬಾಗಿಲು ತಟ್ಟುತ್ತಿದ್ದಿರಬೇಕು. ಹಾಗಾಗಿ ನುಗ್ಗಿದರೆ ಪ್ರಯೋಜನವೇ ಇಲ್ಲ ಎಂದು ತಮ್ಮನಿಗೆ ನಾನು ಹೇಳಲಾರೆ. ಅವನು ನನಗಿಂತ ಕೆಲವು ನಿಮಿಷ ಮೊದಲೇ ಪೀಣ್ಯ ಮುಟ್ಟುತ್ತಾನೆ. ಆ ನಿಮಿಷಗಳಿಗೆ ಅವನು ಎಷ್ಟು ದುಡ್ಡು ಕೊಡುತ್ತಿದ್ದಾನೆ ಎಂಬುದಷ್ಟೇ ಪ್ರಶ್ನೆ. ತಿಂಗಳಿಗೆ ಸಾವಿರ ಕಿಲೋಮೀಟರ್ ಎಂದಿಟ್ಟುಕೊಂಡರೆ ಹದಿನಾಲ್ಕರ ಲೆಕ್ಕದಲ್ಲಿ 71 ಲೀಟರ್, ಹನ್ನೊಂದರ ಲೆಕ್ಕದಲ್ಲಿ 91. ಇಪ್ಪತ್ತು ಲೀಟರ್, ಎರಡು ಸಾವಿರ ರೂಪಾಯಿ. ಕೊಡಲು ಮನಸ್ಸಿದ್ದರೆ ಕೊಡಲಿ. ಅರ್ಧ ನನ್ನ ಕಿಸೆಯಿಂದ ಹೋಗಬಾರದು, ಅಷ್ಟೇ.

ಅದಕ್ಕೆ ಪರಿಹಾರ ಹುಡುಕಿದವಳೂ ತಮ್ಮನ ಹೆಂಡತಿಯೇ. ಕಿಲೋಮೀಟರಿನ ಹಂಚಿಕೆ ಬೇಡ, ಕಾರಿನ ಕೀಲಿ ಕೈ ಬದಲಾಗುವ ಮುನ್ನ ಟ್ಯಾಂಕನ್ನು ಪೂರ್ತಿ ತುಂಬಿಸಿ ಕೊಡುವುದು ಎಂದಳು. ಭಾನುವಾರ ಸಂಜೆ ದೇವೇಗೌಡ ಪೆಟ್ರೋಲ್ ಬಂಕ್ ವೃತ್ತದ ಕಡೆಗೆ ಹೋಗಿ ಬರುವುದು ಈಗ ವಾರದ ಕಟ್ಟಳೆ. ತಮ್ಮನ ಓಡಿಸುವ ರೀತಿ ಬದಲಾಯಿತೇ ಎಂದರೆ, ಸ್ವಲ್ಪ. ಹನ್ನೊಂದು ಹನ್ನೆರಡಾಗಿದೆ. ಹದಿನಾಲ್ಕಾಗಲು ಅವನು ಹತ್ತು ನಿಮಿಷ ಮೊದಲು ಏಳಬೇಕು. ಅದು ಪೆಟ್ರೋಲಿಗಿಂತ ದುಬಾರಿ.

ಅಪ್ಪನ ಸ್ಕೂಟರ್, ಹನುಮಂತನಗರದ ಇಳಿಜಾರು

ಮೈಲೇಜ್ ಎಂದಾಗ ನನಗೆ ಮೊದಲು ನೆನಪಾಗುವುದು ಒಂದು ಸದ್ದು ನಿಲ್ಲುವುದು. ಅಪ್ಪನ ಬಜಾಜ್ ಸ್ಕೂಟರಿನ ಮುಂದೆ ನಿಂತು ಹೋಗುವ ವಯಸ್ಸು ನನ್ನದು. ಹನುಮಂತನಗರದ ಏರು ಮುಗಿದು ಇಳಿಜಾರು ಶುರುವಾಗುತ್ತಿದ್ದಂತೆ ಅಪ್ಪ ಎಂಜಿನ್ ಆರಿಸಿ ನ್ಯೂಟ್ರಲ್‌ಗೆ ಹಾಕುತ್ತಿದ್ದರು. ಅಷ್ಟು ಹೊತ್ತು ಕಾಲಡಿ ನಡುಗುತ್ತಿದ್ದ ತಗಡು ಥಟ್ಟನೆ ಸ್ತಬ್ಧವಾಗುತ್ತಿತ್ತು. ಟಯರಿನ ಸರಸರ, ಕಿವಿಗೆ ಗಾಳಿ, ಹಿಂದೆ ಕುಳಿತ ಅಮ್ಮನ "ನಿಧಾನ, ನಿಧಾನ". ಇಳಿಜಾರು ಮುಗಿಯುವಲ್ಲಿ ಎಡಗೈಯಿಂದ ಎರಡನೇ ಗೇರಿಗೆ ತಿರುಗಿಸಿ ಕ್ಲಚ್ ಬಿಟ್ಟರೆ ಒಮ್ಮೆ ಮುಗ್ಗರಿಸಿ ಎಂಜಿನ್ ಹೊತ್ತಿಕೊಳ್ಳುತ್ತಿತ್ತು, ನೀಲಿ ಹೊಗೆಯೊಂದಿಗೆ. ಪೆಟ್ರೋಲ್ ಮುಗಿದರೆ ರಿಸರ್ವ್, ರಿಸರ್ವೂ ಮುಗಿದರೆ ಸ್ಕೂಟರನ್ನು ಪಕ್ಕಕ್ಕೆ ವಾಲಿಸಿ ಕೊನೆಯ ಹನಿಗಳನ್ನು ನಳಿಗೆಗೆ ಇಳಿಸುವುದು. ಆ ಪೀಳಿಗೆಯವರು ಪೆಟ್ರೋಲನ್ನು ಉಳಿಸಿದ್ದು ದೇಹಶ್ರಮದಿಂದ.

ಅಪ್ಪನ ಕಾಲಕ್ಕೆ ಅದು ಸರಿಯಾದ ಲೆಕ್ಕವೇ ಆಗಿತ್ತು. ಕಾರ್ಬ್ಯುರೇಟರ್ ಇದ್ದ ಎಂಜಿನ್ ತಿರುಗುತ್ತಿರುವಷ್ಟು ಹೊತ್ತೂ ಪೆಟ್ರೋಲ್ ಹೀರುತ್ತದೆ. ನೀವು ಆಕ್ಸಿಲರೇಟರ್ ಬಿಟ್ಟಿದ್ದೀರಿ, ಇಳಿಜಾರು ನಿಮ್ಮನ್ನು ತಾನಾಗಿ ಒಯ್ಯುತ್ತಿದೆ ಎಂಬುದು ಅದಕ್ಕೆ ತಿಳಿಯದು. ಇಂದಿನ ಎಂಜಿನ್ನುಗಳ ಕತೆ ಬೇರೆ. ಇಂಜೆಕ್ಷನ್ ಇರುವ ಕಾರಿನಲ್ಲಿ, ಗೇರಿನಲ್ಲಿದ್ದಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ, ವೇಗ ತೀರಾ ಕಡಿಮೆ ಇಲ್ಲದಿದ್ದರೆ, ಇಂಜೆಕ್ಟರುಗಳು ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತವೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ಅದೇ ಹೊತ್ತಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರಿಹೋಗದಿರಲು ಮತ್ತೆ ಪೆಟ್ರೋಲ್ ಬೇಕು. 2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಜಾರಿಯಾದ ಮೇಲೆ ದ್ವಿಚಕ್ರ ವಾಹನಗಳೂ ಬಹುಪಾಲು ಇಂಜೆಕ್ಷನ್ನಿಗೆ ಬಂದಿವೆ. ಆದರೂ ಇಳಿಜಾರು ಕಂಡರೆ ನ್ಯೂಟ್ರಲ್‌ಗೆ ಕೈ ಹೋಗುವುದು ಇನ್ನೂ ನಿಂತಿಲ್ಲ. ಕಾರ್ಬ್ಯುರೇಟರ್ ಹೋಯಿತು, ಅದರ ಮಿತವ್ಯಯ ಉಳಿಯಿತು.

ಪೂರ್ತಿ ಸತ್ಯ ಇಷ್ಟು ಸರಳವೂ ಅಲ್ಲ. ನ್ಯೂಟ್ರಲ್‌ನಲ್ಲಿ ಎಂಜಿನ್ನಿನ ಹಿಡಿತ ಇಲ್ಲದ ಕಾರಣ ಗಾಡಿ ಹೆಚ್ಚು ದೂರ ಉರುಳುತ್ತದೆ. ಮುಂದೆ ನಿಲ್ಲುವ ಪ್ರಸಂಗವೇ ಇಲ್ಲದ ಉದ್ದನೆಯ ಇಳಿಜಾರಿನಲ್ಲಿ ಅದರಿಂದ ಕಿಂಚಿತ್ ಲಾಭವಿದ್ದರೂ ಇರಬಹುದು. ಆದರೆ ಬೆಂಗಳೂರಿನಲ್ಲಿ ಯಾವ ಇಳಿಜಾರಿನ ತುದಿಯಲ್ಲಿ ಸಿಗ್ನಲ್ಲೋ ಹಂಪೋ ಹಸುವೋ ಇಲ್ಲ? ಹೇಗೂ ನಿಲ್ಲಬೇಕಾದಲ್ಲಿ ಗೇರಿನಲ್ಲೇ ಇಳಿಯುವುದು ಅಗ್ಗ. ಮಾವನಿಗೆ ಇದನ್ನು ಹೇಳಿದಾಗ ಅವರು ಪೆಟ್ರೋಲಿನ ಮಾತನ್ನೇ ಎತ್ತಲಿಲ್ಲ. "ಘಾಟಿಯಲ್ಲಿ ನ್ಯೂಟ್ರಲ್ ಹಾಕಿದವನ ಹೆಂಡತಿಗೆ ಪಿಂಚಣಿ ಬರುತ್ತದೆ" ಎಂದರು.

ನಿಂತಾಗ ಎಂಜಿನ್ ಆರಿಸುವ ಅಪ್ಪನ ಚಾಳಿ ಮಾತ್ರ ಇಂದಿಗೂ ಸಲ್ಲುತ್ತದೆ. ಸಣ್ಣ ಪೆಟ್ರೋಲ್ ಕಾರು ನಿಂತಲ್ಲೇ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರಿನಷ್ಟು ಕುಡಿಯುತ್ತದೆ, ಎ.ಸಿ. ಹಾಕಿದರೆ ಇನ್ನಷ್ಟು. ನಿಮಿಷಕ್ಕೆ ಹತ್ತು ಮಿಲಿಲೀಟರ್ ಎನ್ನಿ, ಒಂದು ರೂಪಾಯಿ. ಇಂದಿನ ಎಂಜಿನ್ನನ್ನು ಮತ್ತೆ ಚಾಲೂ ಮಾಡಲು ಖರ್ಚಾಗುವುದು ಹತ್ತು ಸೆಕೆಂಡು ಸುಮ್ಮನೆ ಓಡುವಷ್ಟು ಪೆಟ್ರೋಲ್ ಮಾತ್ರ. ಸಿಗ್ನಲ್ಲಿನ ಕೆಂಪು ಅಂಕಿ ತೊಂಬತ್ತು ತೋರಿಸುವಾಗ ಇನ್ನೇನು ಯೋಚನೆ? ದೆಹಲಿಯಲ್ಲಿ 2020ರಲ್ಲಿ ಸರ್ಕಾರವೇ ಕೆಂಪು ದೀಪಕ್ಕೆ ಎಂಜಿನ್ ಆರಿಸಿ ಎಂಬ ಅಭಿಯಾನ ನಡೆಸಿತ್ತು. ನಮ್ಮಲ್ಲಿ ಆರಿಸಲು ಹಿಂಜರಿಯುವುದು ಹಿಂದಿನವನ ಹಾರ್ನಿಗೆ: ಅಂಕಿ ಮೂರಕ್ಕೆ ಬಂದಾಗಲೇ ಅವನಿಗೆ ಹಸಿರು ಕಂಡಿರುತ್ತದೆ.

ಟಯರಿನ ಗಾಳಿಯ ವಿಷಯ ಎಲ್ಲರಿಗೂ ಗೊತ್ತಿರುವುದೇ. ಗಾಳಿಯ ಒತ್ತಡ ಒಂದು ಪಿಎಸ್‌ಐ (ಬಂಕಿನ ಮೀಟರಿನ ಒಂದು ಅಂಕಿ) ಕಡಿಮೆಯಾದರೆ ಮೈಲೇಜ್ ಶೇಕಡಾ 0.2ರಷ್ಟು ಇಳಿಯುತ್ತದೆ. ಚಾಲಕನ ಬಾಗಿಲಿನ ಅಂಚಿನಲ್ಲಿ ಎಷ್ಟು ಇರಬೇಕು ಎಂದು ಅಂಟಿಸಿರುತ್ತಾರೆ. ಬಂಕಿನ ಹುಡುಗ ಎಲ್ಲ ಗಾಡಿಗೂ ಹಾಕುವ ಒಂದೇ ಅಂಕಿಗಿಂತ ಅದನ್ನು ನಂಬುವುದು ಮೇಲು. ನೈಟ್ರೋಜನ್‌ಗೆ ಬೇರೆ ದುಡ್ಡು ಕೊಡುವವರು, ಪುಕ್ಕಟೆ ಗಾಳಿಯಲ್ಲೂ ಶೇಕಡಾ 78ರಷ್ಟು ಅದೇ ಇದೆ ಎಂಬುದನ್ನು ನೆನೆಯಬಹುದು. ಎಥನಾಲ್ ವಿಷಯದಲ್ಲಿ ತಮ್ಮ ಹೇಳಿದ್ದು ಪೂರ್ತಿ ಸುಳ್ಳಲ್ಲ: ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ, ಶೇಕಡಾ ಇಪ್ಪತ್ತು ಬೆರೆಸಿದಾಗ ಮೈಲೇಜ್ ಒಂದಿಷ್ಟು ತಗ್ಗುತ್ತದೆ. ಅದು ಓಡಿಸುವವನ ಕೈಯಲ್ಲಿಲ್ಲ.

ಮೂರನೆಯವರು

ಓಡಿಸುವವನ ಕೈಯಲ್ಲಿಲ್ಲದ ಇನ್ನೊಂದು ಸಂಗತಿ ಇದೆ, ಅದೇ ನನ್ನನ್ನು ಹೆಚ್ಚು ಕಾಡುವುದು. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಯುಕಿ ಸುಗಿಯಾಮಾ ಮತ್ತು ಅವರ ಸಂಗಡಿಗರು 2008ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಬಿಟ್ಟು, ಎಲ್ಲರೂ ಒಂದೇ ವೇಗದಲ್ಲಿ, ಸುಮಾರು ಮೂವತ್ತರಲ್ಲಿ ಸುತ್ತಿರಿ ಎಂದರು. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವವರಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ಒಂದು ಕಡೆ ದಟ್ಟಣೆ ಹುಟ್ಟಿತು. ಯಾರೋ ಒಬ್ಬರು ತುಸು ನಿಧಾನಿಸಿದರು, ಹಿಂದಿನವರು ಅದಕ್ಕಿಂತ ತುಸು ಹೆಚ್ಚು, ಅವರ ಹಿಂದಿನವರು ಮತ್ತೂ ಹೆಚ್ಚು. ಕೊನೆಗೆ ಒಂದಷ್ಟು ಕಾರುಗಳು ಪೂರ್ತಿ ನಿಂತವು. ಕಾರುಗಳು ಮುಂದಕ್ಕೆ ಹೋಗುತ್ತಿದ್ದರೆ ಆ ದಟ್ಟಣೆ ಅಲೆಯಾಗಿ ಹಿಂದಕ್ಕೆ ಸರಿಯುತ್ತಿತ್ತು.

ನಾಯಂಡಹಳ್ಳಿಯ ಬಳಿ ಯಾವ ಕಾರಣವೂ ಕಾಣದೆ ನಿಂತು, ಯಾವ ಕಾರಣವೂ ಕಾಣದೆ ಹೊರಟಾಗೆಲ್ಲ ನನಗೆ ಈ ವೃತ್ತ ನೆನಪಾಗುತ್ತದೆ. ನನ್ನ ಮುಂದೆ ಎಲ್ಲೋ ಒಬ್ಬರು ಸಾಲು ಬದಲಿಸಿರುತ್ತಾರೆ, ಅವರ ಹಿಂದಿನವರು ಬ್ರೇಕ್ ಒತ್ತಿರುತ್ತಾರೆ, ಆ ಬ್ರೇಕ್ ಕೈಯಿಂದ ಕೈಗೆ ದಾಟಿ ನನ್ನ ಪಾದಕ್ಕೆ ಬಂದಿರುತ್ತದೆ. ನನ್ನ ನಲವತ್ತಮೂರು ಪೈಸೆ ಖರ್ಚಾದದ್ದು ಅವರ ದೆಸೆಯಿಂದ. ನನ್ನ ಹಿಂದಿನವರದು ನನ್ನ ದೆಸೆಯಿಂದ. ತಮ್ಮ ಮತ್ತು ನಾನು ಅಷ್ಟು ಜಗಳವಾಡಿ ಎರಡು ಪಾಲು ಮಾಡಿದ ಲೆಕ್ಕದಲ್ಲಿ, ಹೆಸರೂ ಗೊತ್ತಿಲ್ಲದ ಮೂರನೆಯವರ ಪಾಲು ಮೊದಲಿನಿಂದಲೂ ಇತ್ತು. ಮಾವ ಬಿಟ್ಟಿದ್ದ ಅಂತರ ಉಳಿಸಿದ್ದು ನಮ್ಮ ಪೆಟ್ರೋಲನ್ನಷ್ಟೇ ಅಲ್ಲ. ಮುಂದಿನ ಲಾರಿ ನಿಂತು ಹೊರಟು ಮಾಡುವಾಗ ಅವರು ಉರುಳುತ್ತಲೇ ಇದ್ದರಲ್ಲ, ಲಾರಿಯ ಅಷ್ಟೂ ಬ್ರೇಕುಗಳು ನಮ್ಮ ಗಾಡಿಯಲ್ಲೇ ಕೊನೆಗೊಂಡವು, ಹಿಂದಿನವರಿಗೆ ದಾಟಲಿಲ್ಲ. ಹಿಂದಿನವರು ಅದಕ್ಕೆ ಪ್ರತಿಯಾಗಿ ಹಾರ್ನ್ ಹೊಡೆದರು ಎಂಬುದು ಬೇರೆ ಮಾತು.

ಈ ಮೂರನೆಯವರ ಲೆಕ್ಕ ಇತ್ತೀಚೆಗೆ ನಮ್ಮ ಬೀದಿಗೂ ಬಂದಿದೆ. ರಿಂಗ್ ರಸ್ತೆಯ ದಟ್ಟಣೆ ತಪ್ಪಿಸಲು ಮೊಬೈಲ್ ನಕ್ಷೆ ನೋಡಿಕೊಂಡು ಒಳರಸ್ತೆಗೆ ನುಗ್ಗುವವರು ನಮ್ಮ ಬೀದಿಯಲ್ಲಿ ನಲವತ್ತು, ಐವತ್ತರ ವೇಗದಲ್ಲಿ ಹೋಗುತ್ತಿದ್ದರು. ಎದುರುಮನೆಯ ಹುಡುಗಿಯ ಸೈಕಲ್ಲಿಗೆ ಒಂದು ಬೈಕು ಗುದ್ದಿದ ಮೇಲೆ ಬೀದಿಯವರೆಲ್ಲ ಸೇರಿ ಅರ್ಜಿ ಕೊಟ್ಟೆವು, ಹಂಪ್ ಬಂತು. ಒಂದಲ್ಲ, ಮೂರು. ಅರ್ಜಿಯಲ್ಲಿ ನನ್ನ ಸಹಿಯೂ ಇದೆ. 30ರಿಂದ 10ಕ್ಕೆ ಇಳಿದು ಮತ್ತೆ 30ಕ್ಕೆ ಏರಲು ಒಂದು ಕಾರಿಗೆ ಹೆಚ್ಚು ಕಡಿಮೆ ನಾಲ್ಕು ಮಿಲಿಲೀಟರ್ ಬೇಕು. ಸಾವಿರ ಕಾರು ದಾಟಿದರೆ ಒಂದು ಹಂಪಿಗೆ ನಾಲ್ಕು ಲೀಟರ್, ಮೂರಕ್ಕೆ ಹನ್ನೆರಡು. ವೇಗವಾಗಿ ಹೋದವರು ಕೆಲವರು. ಅವರನ್ನು ತಡೆಯುವ ಖರ್ಚು ಹೊತ್ತವರು ನಿಧಾನವಾಗಿ ಹೋಗುತ್ತಿದ್ದವರೂ ಸೇರಿ ಎಲ್ಲರೂ. ಲೆಕ್ಕ ಗೊತ್ತಾದ ಮೇಲೂ, ಆ ಅರ್ಜಿಯನ್ನು ಮತ್ತೊಮ್ಮೆ ತಂದರೆ ಮತ್ತೊಮ್ಮೆ ಸಹಿ ಹಾಕುತ್ತೇನೆ. ಹುಡುಗಿ ಈಗ ಅದೇ ಬೀದಿಯಲ್ಲಿ ಸೈಕಲ್ ಹೊಡೆಯುತ್ತಾಳೆ.

ಹಂಪುಗಳಿಗೆ ಇನ್ನೂ ಬಿಳಿ ಪಟ್ಟಿ ಬಳಿದಿಲ್ಲ. ರಾತ್ರಿ ಹೊತ್ತು ಕೊನೆಯ ಗಳಿಗೆಯಲ್ಲಿ ಬ್ರೇಕ್ ಒತ್ತುವ ಸದ್ದು ನಮ್ಮ ಮಲಗುವ ಕೋಣೆಗೆ ಕೇಳುತ್ತದೆ. ಅದಕ್ಕೊಂದು ಅರ್ಜಿ ಬರೆಯಬೇಕು. ಈ ಸಲ ತಮ್ಮನ ಹೆಂಡತಿಯೇ ಬರೆಯುತ್ತೇನೆ ಎಂದಿದ್ದಾಳೆ, ಲೀಟರಿನ ಲೆಕ್ಕದ ಸಮೇತ.